ಎಳಿ ಅಂದಾಗ ಎಳೆದವನು

ದೀಪ ಸಣ್ಣ ಮಾಡಿ ಹತ್ತಿರ ಕೂತುಕೊಳ್ಳಿ. ಇದನ್ನು ಗಟ್ಟಿಯಾಗಿ ಹೇಳುವಂತಿಲ್ಲ. ಮೇಲೆ ಅವನು ಮಲಗಿದ್ದಾನೆ. ಕಿವಿಗೆ ಬಿದ್ದರೆ ಮತ್ತೆ ಬೆಳಗಿನ ತನಕ ಕಣ್ಣು ಮುಚ್ಚುವುದಿಲ್ಲ.

ಅವನು ಅಂದರೆ ವೀರೇಶ. ನಮ್ಮ ಮಹಡಿ ಮೇಲಿನ ಒಂಟಿ ರೂಮಿನ ಬಾಡಿಗೆಯವನು. ಸಿಂಧನೂರು ಕಡೆಯ ಹುಡುಗ, ನಾಗರಬಾವಿ ಹತ್ತಿರದ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಹೋದ ಬೇಸಿಗೆಯ ಮಾತು. ಹೊಸ ಹೆಂಡತಿ ಭುವನೇಶ್ವರಿಯನ್ನು ಊರಿಂದ ಕರಕೊಂಡು ಬಂದು ಇನ್ನೂ ವಾರ ತುಂಬಿರಲಿಲ್ಲ. ಆ ಹುಡುಗಿಗೆ ಈ ಊರಲ್ಲಿ ಗಂಡನನ್ನು ಬಿಟ್ಟರೆ ಒಂದು ನರಪಿಳ್ಳೆಯ ಗುರುತಿಲ್ಲ. ಕತ್ತಲಾದರೆ ಸಾಕು, ಚಿಲಕ ಹಾಕಿಕೊಂಡು ಬಾಗಿಲ ಹಿಂದೆಯೇ ಕೂತುಬಿಡುತ್ತಿದ್ದಳು. ಅವನ ಕೆಮ್ಮು ಕೇಳಿದ ಮೇಲೇ ಚಿಲಕ ತೆಗೆಯುವುದು.

ಅವತ್ತು ಗ್ಯಾರೇಜು ಮುಚ್ಚಿದಾಗ ಹತ್ತು ದಾಟಿತ್ತು. ವೀರೇಶ ಮಲ್ಲತ್ತಹಳ್ಳಿ ಕೆರೆ ಹಿಂದಿನ ದಾರಿ ಹಿಡಿದು ಬೇಗಬೇಗ ಬರುತ್ತಿದ್ದ. ಜೊತೆಗೆ ಗಿರಿರಾಜ್, ಅದೇ ಗ್ಯಾರೇಜಿನವನು, ಇಲ್ಲೇ ಹುಟ್ಟಿ ಬೆಳೆದವನು. ಆ ದಾರಿಯಲ್ಲಿ ಒಂದು ಬಾವಿ ಇದೆ. ಇದು ಹಳ್ಳಿಯಾಗಿದ್ದಾಗ ಸೊಪ್ಪಿನ ತೋಟಕ್ಕೆ ನೀರೆತ್ತುತ್ತಿದ್ದ ಬಾವಿ. ಈಗ ಮೇಲೆ ಕಾಂಕ್ರೀಟ್ ಚಪ್ಪಡಿ ಮುಚ್ಚಿದ್ದಾರೆ. ಆದರೂ ಆ ಚಪ್ಪಡಿಯ ಪಕ್ಕ ನಡೆದರೆ ನಮ್ಮ ಹೆಜ್ಜೆಯ ಸದ್ದು ಕೆಳಗಿಂದ ಇನ್ನೊಂದು ಸಲ ಕೇಳುತ್ತೆ... ಧಪ್... ಧಪ್...

ಬಾವಿಯ ಪಕ್ಕದಲ್ಲೇ ನಮ್ಮ ಬೀದಿಯ ಚಿಕ್ಕಣ್ಣನವರ ಶೆಡ್ಡು. ನಾಲ್ಕು ಕಡೆ ಗೋಡೆ, ಮೇಲೆ ತಗಡು, ಮುಂದೆ ಒಂದು ರೋಲಿಂಗ್ ಶಟರು. ಕಿಟಕಿ ಇಲ್ಲ. ಶಟರು ಅರ್ಧ ತೆರೆದಿತ್ತು. ಒಳಗಿಂದ ಚಿಕ್ಕಣ್ಣನವರ ಮಗ ಮಧುಕುಮಾರ್ ಕೂಗಿದ.

"ಗುರು, ವೀರೇಶಾ! ಒಂದ್ ನಿಮಿಷ ಬಾರೋ."

ಒಳಗೆ ನಾಲ್ಕು ದಪ್ಪ ಚಕ್ರದ ಒಂದು ಹಳೇ ಗಾಡಿ ನಿಂತಿತ್ತು.

"ಏನ್ ಸಾರ್ ಇದು? ಟ್ರ್ಯಾಕ್ಟರ್‌ಗೂ ಬೈಕ್‌ಗೂ ಹುಟ್ಟಿದ್ದಾ?" ಅಂದ ಗಿರಿರಾಜ್.

"ಕ್ವಾಡ್ ಬೈಕ್ ಕಣೋ. ಮಣ್ಣು, ಕಲ್ಲು, ಹಳ್ಳ, ಎಲ್ಲಾ ಕಡೆ ನುಗ್ಗತ್ತೆ. ಕೆಂಗೇರಿ ಆಚೆ ಒಂದು ರೆಸಾರ್ಟ್ ಮುಚ್ಚಿದ್ರಲ್ಲ, ಅಲ್ಲಿ ಸಿಕ್ತು. ಸ್ಟಾರ್ಟ್ ಆಗ್ತಿಲ್ಲ. ಪ್ಲಗ್ಗು, ಕಾಯಿಲ್ಲು, ಕೀ ಸೆಟ್ ಎಲ್ಲಾ ಹೊಸದೇ ತಂದಿದೀನಿ. ಹಾಕ್ಕೊಟ್ಬಿಡು. ಬೆಳಗ್ಗೆ ಫ್ರೆಂಡ್ಸ್ ಬರ್ತಾರೆ."

"ನಾಳೆ ಮಾಡ್ಕೊಡ್ತೀನಿ ಸಾರ್. ಮನೇಲಿ ಒಬ್ಳೇ ಇದಾಳೆ."

"ಹೊಸ ಮದುಮಗ ಅಂತ ಗೊತ್ತಪ್ಪಾ! ಎಲ್ಲೂ ಓಡ್ಹೋಗಲ್ಲ ಬಿಡು, ಒಂದ್ ಗಂಟೆ ಕೆಲಸ."

ವೀರೇಶ ಮುಲಾಜಿಗೆ ಬಿದ್ದ. ಮಧುಕುಮಾರ್ ಬೆನ್ನು ತಟ್ಟಿ ಮನೆಗೆ ಹೋದ.

ಸೀಟು ಬಿಚ್ಚಿದರು. ಕಿಡಿ ಹುಟ್ಟಿಸುವ ಹಳೇ ಕಾಯಿಲ್ ಒಣ ಕಾಯಿಯ ಹಾಗೆ ಸೀಳು ಬಿಟ್ಟಿತ್ತು, ತೆಗೆದರು. ಕೀ ಸೆಟ್ಟನ್ನೂ ಬಿಚ್ಚಿದರು. ಇಲ್ಲಿ ಒಂದು ಮಾತು ಗಮನದಲ್ಲಿರಲಿ. ಆ ತರಹದ ಹಳೇ ಗಾಡಿಗಳಲ್ಲಿ ಕೀ ಇರುವುದು ಶುರು ಮಾಡುವುದಕ್ಕಲ್ಲ, ನಿಲ್ಲಿಸುವುದಕ್ಕೆ. ಕೀ ಸೆಟ್ಟಿನ ವೈರು ಕೂಡಿಸದೆ ಇಂಜಿನ್ ಹೊತ್ತಿಸಿದರೆ ಅದು ಓಡುತ್ತಲೇ ಇರುತ್ತೆ. ಇದು ವೀರೇಶನಿಗೂ ಚೆನ್ನಾಗಿ ಗೊತ್ತು.

"ಮಗಾ, ಹೊಟ್ಟೆ ಚುರುಗುಟ್ತಿದೆ. ಪರೋಟ ತರ್ತೀನಿ," ಅಂದ ಗಿರಿರಾಜ್. ಹೋಗುವಾಗ ಕೆರೆಯ ಸೊಳ್ಳೆ ನುಗ್ಗದಿರಲಿ ಅಂತ ಶಟರನ್ನು ಪೂರ್ತಿ ಕೆಳಗೆಳೆದ. ಘರ್ರ್ರ್... ಧಡಾರ್.

ವೀರೇಶ ಬಗ್ಗಿ ಹೊಸ ಕಾಯಿಲ್ ಕೂರಿಸಿದ. ಸ್ಕ್ರೂ ತಿರುಗುವ ಕಿರ್ ಕಿರ್ ಬಿಟ್ಟರೆ ಬೇರೆ ಸದ್ದಿಲ್ಲ. ಸ್ವಲ್ಪ ಹೊತ್ತಾಯಿತು... ಗಾಡಿಯ ಆ ಪಕ್ಕದಲ್ಲಿ ಯಾರೋ ಬಂದು ನಿಂತ ಹಾಗಾಯಿತು. ಮೂಗಿನಿಂದ ಉಸಿರು ಬಿಟ್ಟ ಸದ್ದು.

ತಲೆ ಎತ್ತಲಿಲ್ಲ ಅವನು. "ಬಂದ್ಯಾ? ಲೈಟ್ ಆರ್ಸು, ಕಿಡಿ ನೋಡೋಣ."

ಟಕ್. ಲೈಟು ಆರಿತು.

ನಮ್ಮ ಕಡೆ, ದೀಪ ಹಚ್ಚಿದ ಮೇಲೆ ಯಾರನ್ನಾದರೂ ಕೆಲಸಕ್ಕೆ ಕರೆದರೆ ಹೆಸರು ಹಿಡಿದೇ ಕರೆಯುತ್ತಾರೆ. ಬರೀ 'ಬಾ' ಅನ್ನುವುದಿಲ್ಲ, ಬರೀ 'ಹಿಡಿ' ಅನ್ನುವುದಿಲ್ಲ. ಹೆಸರಿಲ್ಲದ ಕರೆಗೆ ಯಾರು ಬೇಕಾದರೂ ಬರಬಹುದು. ವೀರೇಶನ ತಾಯಿಯೂ ಅವನಿಗೆ ಹೇಳಿಕೊಟ್ಟಿದ್ದಳಂತೆ. ಗ್ಯಾರೇಜಿನ ಅಭ್ಯಾಸದಲ್ಲಿ ಮರೆತಿದ್ದ.

ಕಿಡಿ ನೋಡುವುದಕ್ಕೆ ಇಬ್ಬರು ಬೇಕು. ಒಬ್ಬ ಪ್ಲಗ್ಗನ್ನು ಹೊರಗೆ ತೆಗೆದು ಇಂಜಿನ್ನಿನ ಕಬ್ಬಿಣಕ್ಕೆ ಆನಿಸಿ ಹಿಡಿಯಬೇಕು. ಇನ್ನೊಬ್ಬ ಆ ಪಕ್ಕ ನಿಂತು ಹಗ್ಗ ಎಳೆಯಬೇಕು. ಬ್ಯಾಟರಿ ಸತ್ತರೂ ಹಗ್ಗ ಎಳೆದು ಹೊತ್ತಿಸುವ ಗಾಡಿ ಅದು. ಕಿಡಿ ಸಣ್ಣದು, ಕತ್ತಲಿದ್ದರೇ ಕಣ್ಣಿಗೆ ಬೀಳುವುದು.

"ಎಳಿ," ಅಂದ ವೀರೇಶ.

ಸರ್ರ್ರ್... ಟಕ್. ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಚಿಟ್ಟೆಂದಿತು.

"ಇನ್ನೊಂದ್ಸಲ."

ಸರ್ರ್ರ್... ಟಕ್. ಮತ್ತೆ ಕಿಡಿ. ಒಳ್ಳೇ ಗಟ್ಟಿ ಕಿಡಿ.

ಬೇಗ ಮನೆಗೆ ಹೋಗಬಹುದು ಅನ್ನುವ ಖುಷಿಯಲ್ಲಿ ಕತ್ತಲಲ್ಲೇ ತಡವಿ ಪ್ಲಗ್ ಬಿಗಿದ. ಕ್ಯಾಪ್ ಒತ್ತಿದ. ಕೀ ಸೆಟ್ಟು ನೆಲದ ಮೇಲೆ ಇತ್ತು, ವೈರು ನೇತಾಡುತ್ತಿತ್ತು. ಅದು ಅವನ ತಲೆಗೆ ಹೊಳೆಯಲೇ ಇಲ್ಲ.

"ಎಳಿ!"

ಸರ್ರ್ರ್... ಡಬ್... ಡಬ್ ಡಬ್ ಡಬ್ ಡಬ್. ಇಂಜಿನ್ ಹೊತ್ತಿಕೊಂಡಿತು. ಇಡೀ ತಗಡು ನಡುಗಿತು.

ಅಷ್ಟರಲ್ಲಿ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ತೆಗೆದು ಕಿವಿಗಿಟ್ಟ.

"ಮಗಾ, ಪರೋಟ ಖಾಲಿ ಆಗಿದೆ. ಗೋಬಿ ರೈಸ್ ನಡೆಯತ್ತಾ?"

ಗಿರಿರಾಜನ ದನಿ.

"ಎಲ್ಲಿದೀಯೋ...?"

"ರಿಂಗ್ ರೋಡಲ್ಲಿ. ಅದೇನೋ ಸೌಂಡು? ಆಗ್ಲೇ ಸ್ಟಾರ್ಟ್ ಮಾಡ್ಬಿಟ್ಯಾ? ಒಬ್ನೇ ಹೆಂಗೋ ಎಳ್ದೆ?"

...

ಶಟರು ಎತ್ತಿದ ಸದ್ದನ್ನೇ ವೀರೇಶ ಕೇಳಿರಲಿಲ್ಲ. ಎರಡನೇ ಕಿಡಿ ಹಾರಿದಾಗ ಗಾಡಿಯ ಆ ಪಕ್ಕದಲ್ಲಿ ಒಂದು ಪಾದ ಕಂಡಿತ್ತು. ಈಗ ನೆನಪಿಗೆ ಬಂತು. ಬರಿಗಾಲು. ಗಿರಿರಾಜ್ ಶೂ ಹಾಕಿಕೊಂಡು ಬಂದಿದ್ದ.

ಕೈ ಸಡಿಲವಾಗಿ ಫೋನು ಬಿತ್ತು. ಗಾಡಿಯ ಅಡಿಗೆ ಜಾರಿತು, ಅದರ ಬೆಳಕೂ ಆರಿತು.

ಲೈಟಿನ ಸ್ವಿಚ್ಚು ಆ ಪಕ್ಕ. ಅತ್ತ ಹೋಗುವ ಧೈರ್ಯ ಯಾರಿಗಿರುತ್ತೆ? ಮೊದಲು ಇಂಜಿನ್ ನಿಲ್ಲಿಸೋಣ ಅಂತ ಪ್ಲಗ್ಗಿನ ಕ್ಯಾಪಿಗೆ ಕೈ ಹಾಕಿದ. ಫಟ್! ಭುಜದ ತನಕ ಜೋಮು ಹೊಡೆದು ಹಿಂದಕ್ಕೆ ಬಿದ್ದ. ಹೊಗೆ ತುಂಬುತ್ತಿತ್ತು. ಕಣ್ಣು ಉರಿ, ಗಂಟಲು ಉರಿ. ಕಿಟಕಿ ಇಲ್ಲದ ಶೆಡ್ಡು, ಹೊಗೆ ಹೋಗುವುದಾದರೂ ಎಲ್ಲಿಗೆ? ಪೆಟ್ರೋಲ್ ಬಂದ್ ಮಾಡಿದರೆ ತಾನೇ ನಿಲ್ಲುತ್ತೆ. ಮೊಣಕಾಲೂರಿ ಟ್ಯಾಂಕಿನ ಕೆಳಗೆ ಕೈ ಚಾಚಿದ, ನಲ್ಲಿ ಸಿಕ್ಕಿತು...

ನಲ್ಲಿಯ ಮೇಲೆ ಆಗಲೇ ಒಂದು ಕೈ ಇತ್ತು.

ತಣ್ಣಗೆ. ಆ ಕೈ ನಲ್ಲಿಯನ್ನು ತಿರುಗಿಸಲು ನೋಡುತ್ತಿತ್ತು. ಕಿರ್... ಕಿರ್... ತಿರುಗುತ್ತಿರಲಿಲ್ಲ. ಅಷ್ಟು ಸದ್ದಿನ ನಡುವೆಯೂ ಕಿವಿಯ ಹತ್ತಿರವೇ ಒಂದು ಪಿಸುಮಾತು ಕೇಳಿತು.

"ನಿಲ್ಲವಲ್ದಣ್ಣಾ... ನಿಲ್ಲವಲ್ದು..."

ಅವನ ಊರ ಕಡೆಯ ಮಾತೇ.

ವೀರೇಶ ತೆವಳಿಕೊಂಡು ಶಟರಿನ ಹತ್ತಿರ ಬಂದ. ಬಲಮೂಲೆಯಲ್ಲಿ ಬೆರಳು ತೂರಿಸಿ ಎತ್ತಿದ. ಒಂದು ಗೇಣು ಎದ್ದು ಓರೆಯಾಗಿ ಸಿಕ್ಕಿಕೊಂಡಿತು. ಅಷ್ಟಗಲದ ಶಟರು, ಒಂದೇ ಕಡೆ ಎತ್ತಿದರೆ ಬರುವಂಥದ್ದಲ್ಲ. ಬಡಿದ. ಕೂಗಿದ. ಹೊರಗೆ ಕೆರೆ, ಬಾವಿ, ಖಾಲಿ ಸೈಟು. ಕೇಳುವವರು ಯಾರು? ಆ ಸಂದಿಗೆ ಬಾಯಿಟ್ಟು ಉಸಿರು ಎಳೆದರೆ ಉಸಿರಿಗಿಂತ ಹೊಗೆಯೇ ಹೆಚ್ಚು ಬರುತ್ತಿತ್ತು. ಕಾಲಿನ ಶಕ್ತಿ ಇಳಿದುಹೋಯಿತು. ಬಾಗಿಲ ಹಿಂದೆ ಕೂತ ಭುವನೇಶ್ವರಿ ಕಣ್ಣ ಮುಂದೆ ಬಂದಳು. ಅವನು ಬರದಿದ್ದರೆ ಯಾರನ್ನು ಕೇಳಬೇಕು ಅನ್ನುವುದೂ ಅವಳಿಗೆ ತಿಳಿಯದು.

ಆಗ ಅವನು ಮಾಡಿದ್ದನ್ನು ಕೇಳಿದರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತೆ. ಹಿಂದಕ್ಕೆ ತಿರುಗದೆ, ಕತ್ತಲಿಗೇ ಹೇಳಿದ.

"ಅಣ್ಣಾ... ನೀ ಆ ಮೂಲಿ ಹಿಡಿ. ನಾ ಈ ಮೂಲಿ ಹಿಡಿತೀನಿ."

ಇಂಜಿನ್ ಡಬ್ ಡಬ್ ಅನ್ನುತ್ತಲೇ ಇತ್ತು.

"ಎಳಿ."

ಘರ್ರ್ರ್ರ್... ಎರಡೂ ಕಡೆ ಸಮವಾಗಿ ಶಟರು ಮೊಣಕಾಲೆತ್ತರ ಎದ್ದಿತು. ವೀರೇಶ ಹೊರಳಿಕೊಂಡು ಆಚೆ ಬಿದ್ದ. ಬೆನ್ನ ಹಿಂದೆ ಧಡಾರ್ ಅಂತ ಅದು ಮುಚ್ಚಿಕೊಂಡಿತು. ಬಾವಿಯ ಚಪ್ಪಡಿಯ ತನಕ ತೆವಳಿ ಅಲ್ಲೇ ವಾಂತಿ ಮಾಡಿಕೊಂಡ.

ಆಮೇಲೆ ಒಳಗಿನಿಂದ ಶಟರನ್ನು ತಟ್ಟುವುದು ಕೇಳಿಸಿತು. ಜೋರಾಗಿ ಅಲ್ಲ. ಮೆಲ್ಲಗೆ... ಟಪ್... ಟಪ್... ಟಪ್...

ಎದ್ದು ಹೋಗಿ ತೆಗೆಯಬೇಕು ಅನ್ನಿಸಿತಂತೆ. ಕಾಲು ಏಳಲಿಲ್ಲ. ಗಿರಿರಾಜ್ ಗೋಬಿ ರೈಸ್ ಹಿಡಿದುಕೊಂಡು ಬರುವ ಹೊತ್ತಿಗೆ ಇಂಜಿನ್ನೂ ನಿಂತಿತ್ತು, ತಟ್ಟುವುದೂ ನಿಂತಿತ್ತು. ಅವನೇ ಹೆಗಲು ಕೊಟ್ಟು ನಮ್ಮನೆಗೆ ಕರಕೊಂಡು ಬಂದ. ಭುವನೇಶ್ವರಿ ಆ ಕೆಮ್ಮು ಕೇಳಿ ಚಿಲಕ ತೆಗೆದವಳು, ಅವನ ಮುಖ ನೋಡಿ ನೀರು ತರಲು ಒಳಗೆ ಓಡಿದಳು.

ಬೆಳಗ್ಗೆ ನಾನೂ ಹೋದೆ. ಚಿಕ್ಕಣ್ಣನವರು, ಮಧುಕುಮಾರ್, ಗಿರಿರಾಜ್ ಸೇರಿ ಶಟರು ಎತ್ತಿದರು. ಒಳಗೆ ಯಾರೂ ಇರಲಿಲ್ಲ. ಚಿಕ್ಕಣ್ಣನವರು ಮಗನ ಕಡೆ ತಿರುಗಿ, "ನಿಜ ಬೊಗಳೋ. ಏನಾಗಿತ್ತು ಈ ಗಾಡೀಲಿ?" ಅಂದರು.

ಮಧುಕುಮಾರ್ ನೆಲ ನೋಡಿದ. "ಆ ರೆಸಾರ್ಟಲ್ಲಿ ರೈಡ್ ಕೊಡ್ತಿದ್ದ ಹುಡುಗ ಒಬ್ಬ... ಉತ್ತರ ಕರ್ನಾಟಕದ ಕಡೆಯೋನಂತೆ. ಮಳೆಗಾಲದಲ್ಲಿ ಕೆಂಪು ಕೆಸರಲ್ಲಿ ಗಾಡಿ ಮಗುಚಿ ಮೇಲೆ ಬಿತ್ತಂತೆ. ಇಂಜಿನ್ ನಿಲ್ಲಿಸೋಕೇ ಆಗ್ಲಿಲ್ವಂತೆ. ಅಲ್ಲೇ ಹೋಗ್ಬಿಟ್ನಂತೆ."

"ಅವನ ಹೆಸರೇನು?" ಅಂತ ನಾನು ಕೇಳಿದೆ.

"ಹೆಸರು ಯಾರಿಗ್ ಗೊತ್ತು ಆಂಟಿ."

"ಥೂ, ನಿನ್ನ!" ಅಂದರು ಚಿಕ್ಕಣ್ಣನವರು. ಅವತ್ತೇ ಗಾಡಿಯನ್ನು ಗುಜರಿಗೆ ಸಾಗಿಸಿದರು.

ನೀವು ನಗುತ್ತೀರಿ, ಹೊಗೆ ಕುಡಿದು ಅವನಿಗೆ ತಲೆ ಕೆಟ್ಟಿತ್ತು ಅನ್ನುತ್ತೀರಿ. ಅನ್ನಿ. ಆದರೆ ನಾನು ಆ ಶಟರನ್ನು ಕೆಳಗಿಳಿಸಿ ಒಳಗಿನಿಂದ ನೋಡಿ ಬಂದವಳು. ಬಲಮೂಲೆಯಲ್ಲಿ ಗ್ರೀಸಿನ ಕಪ್ಪು ಅಂಗೈ ಗುರುತು, ವೀರೇಶನದು. ಎಡಮೂಲೆಯಲ್ಲೂ ಎರಡು ಅಂಗೈ ಇದ್ದವು. ಅವು ಗ್ರೀಸಲ್ಲ, ಕೆಂಪು ಮಣ್ಣು. ಶೆಡ್ಡಿನ ನೆಲವೆಲ್ಲ ಸಿಮೆಂಟು. ಆ ತಿಂಗಳು ಒಂದು ಹನಿ ಮಳೆ ಬಿದ್ದಿರಲಿಲ್ಲ. ಬೆಳಗಿನ ಬಿಸಿಲಿಗೇ ಶಟರು ಬೆಚ್ಚಗೆ ಕಾದಿತ್ತು.

ನಾನೇ ಬೆರಳಿಟ್ಟು ನೋಡಿದೆ. ಮಣ್ಣು ಹಸಿಯಾಗಿತ್ತು.