ಅತಾವುಲ್ಲಾ ಅವರ ಮೇಲೆ ಹೊರಿಸಿದ ನಲವತ್ತು ಸೆಕೆಂಡು

ಮಲ್ಕಾ ಅವರೇ, ಸುಮೈರಾ, ಅತಾವುಲ್ಲಾ ಅವರ ಬಂಧುಗಳೇ, ಕೆಲಸ ಬಿಟ್ಟು ಸಹಕಾರನಗರಕ್ಕೆ ಬಂದಿರುವ ನಮ್ಮ ಎಲ್ಲ ಲ್ಯಾಬ್‌ಗಳ ಗೆಳೆಯರೇ — ನಮಸ್ಕಾರ.

ಅತಾವುಲ್ಲಾ ಒಳ್ಳೆಯ ಮನುಷ್ಯ ಎಂದು ನಾನು ಬಂದು ಹೇಳಬೇಕಾಗಿಲ್ಲ. ಆರು ವರ್ಷ ಅವರ ಮೇಲಧಿಕಾರಿಯಾಗಿದ್ದವಳು ನಾನು. ಇಂದು ಒಂದೇ ಸಂಗತಿ ಹೇಳುತ್ತೇನೆ.

ಕಳೆದ ವಾರ ಅವರ ಪತ್ನಿ ಮಲ್ಕಾ ಅವರನ್ನು ನೋಡಲು ಕೋಗಿಲು ಬಡಾವಣೆಯ ಮನೆಗೆ ಹೋಗಿದ್ದೆ. ಹೊರಡುವಾಗ ಮಗಳು ಸುಮೈರಾ ಬಾಗಿಲವರೆಗೂ ಬಂದಳು. "ಆಂಟಿ, ಸರ್ವರ್ ವಿಷಯದಲ್ಲಿ ಅಬ್ಬಾ ನಿಜವಾಗ್ಲೂ ತಪ್ಪು ಮಾಡಿದ್ರಾ?" ಎಂದಳು. "ಛೆ, ಇಲ್ಲಮ್ಮ" ಎಂದೆ — ಮೆಲ್ಲಗೆ, ಚಪ್ಪಲಿ ಹಾಕಿಕೊಳ್ಳುತ್ತಾ. ಆ ಉತ್ತರ ಸಾಲದು. ತಪ್ಪು ಅವರದೆಂದು ಬರೆದ ವರದಿಗೆ ಸಹಿ ಹಾಕಿದವಳು ನಾನು. ಅದು ಎಲ್ಲ ಲ್ಯಾಬ್‌ಗಳಿಗೂ ಹೋಗಿತ್ತು. ಉತ್ತರವೂ ಎಲ್ಲರೆದುರೇ ಬರಬೇಕು.

ಹೋದ ವರ್ಷ ಅತಾವುಲ್ಲಾ ನಮ್ಮ ಹಳೆಯ ಯಂತ್ರಗಳ ಬದಲು ವರ್ಚುವಲ್ ಸರ್ವರ್‌ಗಳನ್ನು ತಂದರು — ಯಲಹಂಕದ ಒಂದೇ ದೊಡ್ಡ ಯಂತ್ರದೊಳಗೆ ಒಂಬತ್ತು ಸರ್ವರ್. ಕೌಂಟರಿನವರು ರಿಮೋಟ್ ಡೆಸ್ಕ್‌ಟಾಪ್ ಮೂಲಕ, ತಾವು ಕೂತಲ್ಲಿಂದಲೇ, ಅವುಗಳೊಳಗೆ ಹೋಗಿ ಕೆಲಸ ಮಾಡುತ್ತಿದ್ದರು. ಒಂದು ತಿಂಗಳು ಎಲ್ಲ ಸಲೀಸು. ಆಮೇಲೆ — ಬೆಳಗಿನ ಮೊದಲ ಸಂಪರ್ಕಕ್ಕೆ ನಲವತ್ತು ಸೆಕೆಂಡು! ಒಳಗೆ ಹೋದ ಮೇಲೆ ಎಲ್ಲ ಚುರುಕು. ಹೋಗುವುದೇ ಕಷ್ಟ. ಎದುರಿಗೆ ರಕ್ತಪರೀಕ್ಷೆಗೆಂದು ಖಾಲಿ ಹೊಟ್ಟೆಯಲ್ಲಿ ಬಂದವರ ಸಾಲು. ಅಮೃತಹಳ್ಳಿ ಕೌಂಟರಿನ ಕೃಷ್ಣಮ್ಮ ಇಲ್ಲೇ ಇದ್ದಾರೆ — ಅವರು ಅತಾವುಲ್ಲಾರನ್ನು ಕೇಳಿದ್ದರಂತೆ, "ಏನಣ್ಣ, ನಿನ್ನ ಹೊಸ ಸರ್ವರು ಸ್ನಾನ ಮುಗಿಸ್ಕಂಡು ಬರ್ತೈತಾ?"

ಹಳೆಯ ಯಂತ್ರಗಳಿಂದ ಹೊಸದಕ್ಕೆ ಅವರು ಮಾಡಿದ ಸ್ಥಳಾಂತರದಲ್ಲೇ ಲೋಪ ಎಂದು ನಾನು ತೀರ್ಮಾನಿಸಿದೆ. ವರದಿ ಬರೆಯಲು ಒಂದು ಮಧ್ಯಾಹ್ನ ಸಾಕಾಯಿತು. ಅವರನ್ನು ಸರ್ವರ್ ತಂಡದಿಂದ ತೆಗೆದು ಪ್ರಿಂಟರ್ ರಿಪೇರಿಗೆ ಹಾಕಿದೆ.

ಪ್ರಿಂಟರ್ ನೋಡಲು ಅಮೃತಹಳ್ಳಿಗೆ ಹೋದವರು ಮೂರು ಬೆಳಿಗ್ಗೆ ಕೃಷ್ಣಮ್ಮನ ಪಕ್ಕದಲ್ಲೇ ಕುಳಿತರು, ಕೈಗಡಿಯಾರ ಬಿಚ್ಚಿ ಹೀಗೆ ಮೇಜಿನ ಮೇಲಿಟ್ಟುಕೊಂಡು. ನಾಲ್ಕನೆಯ ದಿನ ನನ್ನ ಕೋಣೆಗೆ ಬಂದರು.

"ಮೇಡಂ, ಸರ್ವರ್‌ಗೆ ಭಾರ ಆಗಿದ್ರೆ ಒಂದ್ಸಲ ಇಪ್ಪತ್ತು, ಒಂದ್ಸಲ ಅರವತ್ತು ಬರ್ಬೇಕು. ಇದು ಪ್ರತಿಸಲ ನಲವತ್ತೇ. ಇದು ನಿಧಾನ ಅಲ್ಲ ಕಣ್ರೀ. ಯಾರಿಗೋ ಕಾಯ್ತಾ ಇದೆ."

ಯಾರಿಗೆ? ಸಂಪರ್ಕ ಕೊಡುವ ಮೊದಲು ಸರ್ವರ್, ತನ್ನ ಗುರುತಿನ ಪ್ರಮಾಣಪತ್ರ ಇನ್ನೂ ಚಾಲ್ತಿಯಲ್ಲಿದೆಯೇ ಎಂದು ಇಂಟರ್ನೆಟ್ಟಿನಲ್ಲಿರುವ ಒಂದು ತಾಣದಲ್ಲಿ ವಿಚಾರಿಸಬೇಕಿತ್ತು. ಆ ಮೊದಲ ತಿಂಗಳ ಕೊನೆಗೆ, ಆಡಿಟ್ ಬರುತ್ತಿದೆಯೆಂದು, ಸರ್ವರ್‌ಗಳ ಇಂಟರ್ನೆಟ್ಟನ್ನೇ ಮುಚ್ಚಿಸಿದ್ದೆವು. ಬಾರದ ಉತ್ತರಕ್ಕೆ ನಲವತ್ತು ಸೆಕೆಂಡು ಕಾದು, ಆಮೇಲೆ ಅದು ಒಳಗೆ ಬಿಡುತ್ತಿತ್ತು. ಮುಚ್ಚಲು ಹೇಳಿದವಳು — ನಾನು.

"ಬಾಗಿಲು ಹಾಕ್ಸಿದ್ದು ಸರೀನೇ ಮೇಡಂ" ಎಂದು ನಕ್ಕರು. "ಒಳಗಿರೋರಿಗೆ ಹೇಳ್ಬೇಕಿತ್ತು, ಅಷ್ಟೆ. ಪಾಪ, ಅವು ಕೂಗ್ತಾನೇ ಇದಾವೆ."

ಚಾಲ್ತಿಯಲ್ಲಿಲ್ಲದ ಪ್ರಮಾಣಪತ್ರಗಳ ಪಟ್ಟಿಯ ಒಂದು ನಕಲನ್ನು ನಮ್ಮ ಜಾಲದೊಳಗೇ ಇಟ್ಟು, ಅಲ್ಲಿಯೇ ಕೇಳುವಂತೆ ಮಾಡಿದರು. ನಲವತ್ತು ಸೆಕೆಂಡು ಎರಡಕ್ಕೆ ಇಳಿಯಿತು. ನಂತರ ನಗದೆ ಹೇಳಿದರು — "ವರದಿ ತಿದ್ದಿಬಿಡಿ ಮೇಡಂ. ಪ್ರಿಂಟರ್ ಕೆಲ್ಸಕ್ಕೆ ಬೇಜಾರಿಲ್ಲ. ಆದ್ರೆ ಎಲ್ಲಾ ಕೌಂಟರ್‌ನಲ್ಲೂ ನನ್ನ ಹೆಸ್ರು ಹಂಗೇ ಕೂತಿದೆ."

"ಆಡಿಟ್ ಮುಗೀಲಿ" ಎಂದೆ. ಮುಗಿಯಿತು. ಎರಡು ತಿಂಗಳು ಕಳೆಯಿತು. ಅವರು ಮತ್ತೆ ಕೇಳಲಿಲ್ಲ. ಮರೆತರೆಂದು ನಾನು ಅಂದುಕೊಂಡೆ. ಮೂರು ವಾರದ ಹಿಂದೆ ಎದೆನೋವೆಂದು ಬೆಳಿಗ್ಗೆ ರಜೆ ಕೇಳಿದರು. ಸಂಜೆಗೆ ಅವರಿರಲಿಲ್ಲ.

ನನ್ನ ಆದೇಶವೇ ಕಾರಣ ಎಂದು ಬರೆಯಲು ಹೆದರಿದೆನೇ? ಎಷ್ಟು ಯೋಚಿಸಿದರೂ ಬೇರೆ ಕಾರಣ ಸಿಗುತ್ತಿಲ್ಲ.

ಹಳೆಯ ವರದಿಯನ್ನು ನಿನ್ನೆ ಹಿಂತೆಗೆದುಕೊಂಡೆ. ಹೊಸದು ಇಂದು ಬೆಳಿಗ್ಗೆ ಪ್ರತಿ ಕೌಂಟರಿಗೂ ತಲುಪಿದೆ. ಅದರ ಎರಡು ಸಾಲು ಓದುತ್ತೇನೆ: "ಸ್ಥಳಾಂತರದಲ್ಲಿ ಯಾವ ಲೋಪವೂ ಇರಲಿಲ್ಲ. ವಿಳಂಬಕ್ಕೆ ನನ್ನ ಆದೇಶ ಕಾರಣ. ಅದನ್ನು ಕಂಡುಹಿಡಿದು ಸರಿಪಡಿಸಿದವರು ಅತಾವುಲ್ಲಾ."

ಸುಮೈರಾ — ನಿಮ್ಮ ಅಬ್ಬಾ ತಪ್ಪು ಮಾಡಲಿಲ್ಲ. ನಾನು ಮಾಡಿದೆ. ಅವರು ಬದುಕಿರುವಾಗಲೇ ಹೇಳಬೇಕಿತ್ತು. ಹೇಳಲಿಲ್ಲ.

ಇನ್ನು ನನ್ನ ಮಾತು ಬೇಡ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಅವರ ಹೆಸರನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿರೋಣ.