ಅಂದಾನಪ್ಪ ಬಿಚ್ಚದೆ ಬಿಟ್ಟ ಉಕ್ಕಿನ ಬಳೆ

ಒಂದೂರಲ್ಲಿ ಒಂದು ಲಾರಿ ಇತ್ತು. ಆ ಲಾರಿಗೊಬ್ಬ ಯಜಮಾನನಿದ್ದ, ಅಂದಾನಪ್ಪ ಅಂತ. ಯಜಮಾನ ಅಂದಕೂಡಲೇ ಯಾರೋ ಸಾಹುಕಾರನನ್ನು ನೆನೆಸಿಕೊಳ್ಳಬೇಡಿ. ಮಾಲೀಕನೂ ಅವನೇ, ಡ್ರೈವರನೂ ಅವನೇ, ಲಾರಿ ತೊಳೆಯುವವನೂ ಅವನೇ.

ಆ ಲಾರಿಯ ಮುಂದಿನ ಎಡಗಾಲಿ ಎಂಟು ದಿನದಿಂದ ಗೊರಗೊರ ಅನ್ನುತ್ತಿತ್ತು. ಬೇರಿಂಗ್ ಸವೆದಿತ್ತು. ಮರುದಿನ ಬೆಳಿಗ್ಗೆ ಓಣಿಯ ಹನ್ನೆರಡು ಮಂದಿ ಮುದುಕ ಮುದುಕಿಯರನ್ನು ತಾಲ್ಲೂಕಿನ ಕಣ್ಣಿನ ಶಿಬಿರಕ್ಕೆ ಅದೇ ಲಾರಿಯಲ್ಲಿ ಕರೆದೊಯ್ಯುತ್ತೇನೆ ಅಂತ ಅಂದಾನಪ್ಪ ಮಾತು ಕೊಟ್ಟಿದ್ದ. ಎಲ್ಲರ ಕಣ್ಣಿಗೂ ಪೊರೆ ಬಂದಿತ್ತು. ಅವರಲ್ಲಿ ಅವನ ಅತ್ತೆಯೂ ಒಬ್ಬಳು. ಹೆಸರು ಬರೆದುಕೊಳ್ಳುವುದು ಹನ್ನೊಂದು ಗಂಟೆಯವರೆಗೆ ಮಾತ್ರ. ಹೊತ್ತು ಮೀರಿದರೆ ಮತ್ತೆ ಆರು ತಿಂಗಳು ಕಾಯಬೇಕು. ಗಾಲಿ ನಡುದಾರಿಯಲ್ಲಿ ಕಳಚಿಕೊಂಡರೆ? ಆ ಮಾತೇ ಬೇಡ.

ಹೊಸ ಬೇರಿಂಗ್ ತಂದ. ಮನೆಯ ಮುಂದೆಯೇ ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿದ. ಲಾರಿ ಕೆರೆಯ ಕೊಕ್ಕರೆಯ ಹಾಗೆ ಒಂದು ಕಾಲೆತ್ತಿ ನಿಂತಿತು. ಗಾಲಿ ಬಿಚ್ಚಿದ, ಗಾಲಿಯನ್ನು ಹೊತ್ತು ತಿರುಗುವ ಹಬ್ ಎಳೆದ, ಮೊಣಕೈವರೆಗೂ ಗ್ರೀಸ್ ಮಾಡಿಕೊಂಡ.

ನೋಡಿ, ಇಲ್ಲೊಂದು ವಿಷಯ ತಿಳಿದುಕೊಳ್ಳಬೇಕು. ಆ ಬೇರಿಂಗ್ ಎರಡು ತುಂಡಾಗಿ ಬರುತ್ತದೆ. ಒಂದು, ಉರುಳುವ ರೋಲರುಗಳ ತುಂಡು. ಅದು ಕೈಗೆ ಸಲೀಸಾಗಿ ಬಂದುಬಿಡುತ್ತದೆ. ಇನ್ನೊಂದು, ಆ ರೋಲರುಗಳು ಓಡಾಡುವ ಉಕ್ಕಿನ ಬಳೆ. ಅದು ಹಬ್ಬಿನ ಒಳಗೆ ಕಚ್ಚಿಕೊಂಡು ಕೂತಿರುತ್ತದೆ. ಸುತ್ತಲೂ ಬಡಿದು ಬಡಿದು ಹೊರಗೆ ತೆಗೆಯಬೇಕು. ಎರಡನ್ನೂ ಜೊತೆಯಾಗಿಯೇ ಬದಲಿಸಬೇಕು.

ಅಂದಾನಪ್ಪನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ನಾಲ್ಕು ಏಟು ಹಾಕಿದ. ಬಳೆ ಅಲ್ಲಾಡಲಿಲ್ಲ. ಒಳಗೆ ಬೆರಳಾಡಿಸಿದ. ಜೋಳದ ನುಚ್ಚಿನಷ್ಟು ಒಂದು ಕುಳಿ ತಗುಲಿತು. ‘ಇಷ್ಟಕ್ಕೆಲ್ಲ ಏನಾಗುತ್ತದೆ’ ಅಂದುಕೊಂಡು ಹಳೆಯ ಬಳೆಯೊಳಗೇ ಹೊಸ ರೋಲರು ಕೂರಿಸಿ, ಮೇಲೆ ಬೆಣ್ಣೆಯ ಹಾಗೆ ಗ್ರೀಸ್ ತುಂಬಿದ.

ಹೆಂಡತಿ ನೀಲವ್ವ ಚಹಾ ತಂದಳು. ಡಬ್ಬಿಯಲ್ಲಿ ಥಳಥಳ ಹೊಳೆಯುವ ಹೊಸ ಬಳೆ ಉಳಿದಿತ್ತು.

“ಇದು ಯಾಕ ಉಳದೈತ್ರಿ?”

“ಅಂಗಡ್ಯಾಂವ ಹೆಚ್ಚಿಗಿ ಕೊಟ್ಟಾನ. ಕೈಯಾಗ ಹಾಕ್ಕೋ, ಚಂದ ಕಾಣತೈತಿ.”

“ಆ ಪುಣ್ಯಾತ್ಮ ನಿಮಗ ಒಂದ್ ನಟ್ಟರ ಪುಕ್ಕಟ ಕೊಟ್ಟಾನೇನ್ರಿ ಇಲ್ಲೀತನಕ? ಖರೇ ಹೇಳ್ರಿ. ನಮ್ಮವ್ವ ಕುಂಡ್ರತಾಳ ಆ ಗಾಡ್ಯಾಗ.”

“ನಿಮ್ಮವ್ವಗ ಏನೂ ಆಗಂಗಿಲ್ಲ. ಕೇಳಿಲ್ಲಿ!” ಅಂತ ಗಾಲಿ ತಿರುವಿ ತೋರಿಸಿದ. ಸದ್ದೇ ಇಲ್ಲ. ಗ್ರೀಸ್ ಹಸಿಯಾಗಿದ್ದಾಗ ಯಾವ ಗಾಲಿ ಸದ್ದು ಮಾಡುತ್ತದೆ ಹೇಳಿ?

ಬೆಳಿಗ್ಗೆ ಹುಲ್ಲು ಹಾಸಿ, ಮೇಲೆ ಜಮಖಾನ ಹಾಸಿ ಹನ್ನೆರಡು ಮಂದಿಯನ್ನೂ ಹತ್ತಿಸಿಕೊಂಡ. ಐದು ಮೈಲಿ ಹೋದ, ಸುಮ್ಮನಿತ್ತು. ಹತ್ತು ಮೈಲಿ ಹೋದ, ಗೊರಗೊರ ಶುರುವಾಯಿತು. ಇಳಿದು ಹಬ್ಬಿಗೆ ಮುಂಗೈ ತಾಗಿಸಿ ನೋಡಿದ. ಕಾದ ಹೆಂಚು! ಕೈ ಹಿಂದಕ್ಕೆ ಹಾರಿತು.

ಮೇಲಿಂದ ಒಬ್ಬ ಅಜ್ಜ ಕೂಗಿದ: “ಯಾಕೋ ಅಂದಾನಿ, ಊರು ಬಂತೇನು?”

ಈಗ ಅವನು ಏನು ಮಾಡಬೇಕು? ಇನ್ನು ಎಂಟೇ ಮೈಲಿ. ಅವರ್ಯಾರಿಗೂ ಕಣ್ಣು ಕಾಣುವುದಿಲ್ಲ, ಹಬ್ಬಿನಿಂದೇಳುವ ಹೊಗೆಯೂ ಕಾಣುವುದಿಲ್ಲ. ಹೇಳದೆ ಹೋಗಬಹುದಿತ್ತು. ಹಾಗನ್ನಿಸಿತು ಕೂಡ. ಆದರೆ ಉತ್ತರಕ್ಕಾಗಿ ಆ ಹನ್ನೆರಡು ಮುಖಗಳೂ ತನ್ನ ಕಡೆಗೆ ತಿರುಗಿದ್ದನ್ನು ಕಂಡು ಲಾರಿಯ ಬದಿಗೆ ಬಂದು ನಿಂತ.

“ಊರು ಬಂದಿಲ್ಲ ಯಜ್ಜಾ. ಹಳೇ ಬಳಿ ಬದಲಿ ಮಾಡಲಾರದ ಹಂಗ ಕೂಡಿಸಿ ತಂದೀನಿ. ಗಾಲಿ ಕಾದೈತಿ. ತಪ್ಪು ನಂದು. ಇಳೀರಿ, ಬಸ್ಸಿಗೆ ಹೋಗೂಣು.”

ಬಸ್ಸು ಬರಲು ತಡವಾಯಿತು. ಶಿಬಿರ ಮುಟ್ಟಿದಾಗ ಹನ್ನೊಂದಕ್ಕೆ ಐದು ನಿಮಿಷ. ಅತ್ತೆ ಎಲ್ಲರನ್ನೂ ಮುಂದೆ ಬಿಟ್ಟು ತಾನು ಕೊನೆಗೆ ನಿಂತಳು. ಹನ್ನೊಂದು ಹೆಸರು ಬರೆಯುವಷ್ಟರಲ್ಲಿ ಹೊತ್ತು ಮೀರಿ, ಶಿಬಿರದವರು ಪುಸ್ತಕ ಮುಚ್ಚಿದರು.

ಅಂದಾನಪ್ಪ ನೆಲ ನೋಡುತ್ತ ನಿಂತ. ಆ ಮುದುಕಿ ಅಂದಳು: “ಆರು ತಿಂಗಳು ಅಲ್ಲೇನ್ರಿ ಅಳಿಯಂದಿರ? ಅಲ್ಲೀತನಕ ನಿಮ್ಮ ಮಾರಿ ಭಾಳ ಚಂದ ಐತಿ ಅಂತ ತಿಳ್ಕೊಂಡಿರತೀನಿ, ಬಿಡ್ರಿ.” ಸುತ್ತಲಿದ್ದವರು ನಕ್ಕರು. ಅವನಿಗೆ ನಗು ಬರಲಿಲ್ಲ.

ಲಾರಿ ಎಳೆಸಿಕೊಂಡು ಬಂದು ಬಿಚ್ಚಿ ನೋಡಿದರೆ, ಹೊಸ ರೋಲರುಗಳ ಮೈಮೇಲೆಲ್ಲ ಗೀರು. ಹಳೆಯ ಕುಳಿ ಹೊಸದನ್ನೂ ಕೆಡಿಸಿತ್ತು. ಅವತ್ತು ಅವನು ಸುತ್ತಿಗೆ ಹಿಡಿದು ಕೂತ. ಒಂದೇ ಕಡೆ ಹೊಡೆದರೆ ಬಳೆ ಓರೆಯಾಗಿ ಇನ್ನೂ ಬಿಗಿಯುತ್ತದೆ. ಈ ಕಡೆ ಒಂದು, ಆ ಕಡೆ ಒಂದು, ಮತ್ತೆ ಈ ಕಡೆ ಒಂದು. ಅರ್ಧ ಗಂಟೆ ಬಡಿದ. ಕೊನೆಗೆ ಟಣ್ ಅಂತ ಬಿತ್ತು. ಅರ್ಧ ಗಂಟೆ! ಅಷ್ಟು ಹೊತ್ತಿನ ಸೋಮಾರಿತನಕ್ಕೆ ಒಬ್ಬ ಮುದುಕಿಗೆ ಆರು ತಿಂಗಳು ಕತ್ತಲೆ.

ಅಂದಾನಪ್ಪನ ಮೇಲೆ ಸಿಟ್ಟು ಬಂತೇ? ಬರಲಿ. ಆದರೆ ತಾಯಂದಿರೇ, ಅಣ್ಣಂದಿರೇ, ನಾವು ಮಾಡುವುದೇನು? ಮನೆಯಲ್ಲಿ ಜಗಳವಾಗುತ್ತದೆ. ನಾಲ್ಕು ದಿನ ಮಾತಿಲ್ಲ. ಐದನೆಯ ದಿನ ಒಂದು ಸೀರೆ ತರುತ್ತೇವೆ, ಹೋಳಿಗೆ ಮಾಡುತ್ತೇವೆ, “ಚಹಾ ಕುಡೀತೀಯೇನು?” ಅನ್ನುತ್ತೇವೆ. ಮಾತು ಹೊಸದು, ನಗು ಹೊಸದು. ಮೇಲೆ ಬೇಕಾದಷ್ಟು ಗ್ರೀಸ್. ಆದರೆ ಅವತ್ತು ನಾವಾಡಿದ ಮಾತು ಮನೆಯವರೊಳಗೆ ಮಾಡಿದ ಕುಳಿ? ಅದನ್ನು ಬೆರಳಿಂದ ಮುಟ್ಟಿ ನೋಡಿರುತ್ತೇವೆ. ಗೊತ್ತಿರುತ್ತದೆ. ‘ಇಷ್ಟಕ್ಕೆಲ್ಲ ಏನಾಗುತ್ತದೆ’ ಅಂದು ಮುಚ್ಚಿಬಿಡುತ್ತೇವೆ. ಮತ್ತೆ ಹತ್ತು ಮೈಲಿಗೆ ಗೊರಗೊರ. ಆಗ ದೂರುವುದು ಯಾರನ್ನು? ಅವರನ್ನೇ! “ಎಷ್ಟು ಮಾಡಿದರೂ ಇವಳದು ಇದ್ದದ್ದೇ” ಅಂತ.

ಇವತ್ತು ಇಲ್ಲಿಂದ ಮನೆಗೆ ಹೋಗುತ್ತೀರಲ್ಲ, ಸಿಹಿ ಒಯ್ಯಬೇಡಿ. ಹೂವೂ ಬೇಡ. ಅವರೆದುರು ಕೂತು, ಆಡಿದ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿ: “ನಿನ್ನ ತವರಿನವರ ಮುಂದೆ ನಿನ್ನ ಅಡುಗೆಯನ್ನು ಹಂಗಿಸಿದೆ, ತಪ್ಪಾಯಿತು.” “ಅತ್ತೀ, ನಿಮ್ಮ ಔಷಧದ ಖರ್ಚಿನ ಮಾತನ್ನು ನಿಮಗೆ ಕೇಳಿಸುವ ಹಾಗೆ ಆಡಿದೆ, ತಪ್ಪಾಯಿತು.” “ಏನಾದರೂ ಆಗಿದ್ದರೆ, ತಪ್ಪಾಯಿತು” ಅನ್ನಬೇಡಿ. ಏನಾಯಿತು ಅನ್ನುವುದು ನಿಮಗೆ ಗೊತ್ತು. ಒಳಗೆ ಕಚ್ಚಿಕೊಂಡ ಆ ನೋವು ಒಂದೇ ದಿನಕ್ಕೆ ಕಳಚಿ ಬರಲಿಕ್ಕಿಲ್ಲ. ನಾಳೆಯೂ ಕೂರಿ, ನಾಡಿದ್ದೂ ಕೂರಿ. ಹೇಳಿಯಾದ ಮೇಲೆ ಸುಮ್ಮನಿರಿ. ಅವರು ಅಳಬಹುದು, ಬಯ್ಯಬಹುದು, ನೀವು ಮರೆತೇಬಿಟ್ಟ ಇನ್ನೊಂದನ್ನು ನೆನಪಿಸಬಹುದು. ನಡುವೆ ಬಾಯಿ ಹಾಕದೆ, ಅವರು ಮುಗಿಸುವ ತನಕ ಕೇಳಿ.