ಮೂರು ಬಟ್ಟೆಯ ಸೊಂಟ

ಕಂಪಾಲದ ಸಕ್ಕರೆ ಕಾಯಿಲೆ ಆಸ್ಪತ್ರೆಯಲ್ಲಿ ಸರದಿಗೆ ಕಾಯುತ್ತಿದ್ದ ನಬುಕೆನ್ಯಾಳ ಕಿವಿಗೆ, ಅದೇ ಬೆಂಚಿನಲ್ಲಿದ್ದ ಯಾರೋ ಹೆಂಗಸು ಮತ್ತು ಅವಳ ತಮ್ಮನ ಮಗಳ ಮಾತು ಬಿತ್ತು.

“ತಂಗಿ ನಿಶ್ಚಿತಾರ್ಥಕ್ಕೆ ಈ ಕಡ್ಡಿ ಮೈ ಹೊತ್ಕೊಂಡು ಬರ್ತೀಯೇನೇ? ಬೀಗರು ನಮ್ಮನೇಲಿ ಏಡ್ಸ್ ಇದೆ ಅಂದ್ಕೋತಾರೆ.”

“ನಾಕು ತಿಂಗಳಿಗೆ ಆರೇ ಕೆಜಿ ಅತ್ತೆ. ಮಟೋಕೆ ಬಾಳೆಕಾಯಿ ಮುದ್ದೆ ಅರ್ಧ ಮಾಡಿ, ಸೊಪ್ಪು ತಿಂದು, ದಿನಾ ನಡೆದು ಇಳಿಸಿದ್ದು. ನಿಧಾನಕ್ಕೇ ಇಳಿಸು ಅಂತ ನರ್ಸಮ್ಮನೇ ಹೇಳಿದ್ದು.”

“ಬೀಗರಿಗೂ ಅವಳೇ ಬಂದು ಹೇಳ್ತಾಳಾ? ಸೊಂಟಕ್ಕೆ ಮೂರು ಬಟ್ಟೆ ಸುತ್ಕೊಂಡು ಮೇಲೆ ಗೊಮೆಸಿ ಉಟ್ಕೋ.”

“ಅಮ್ಮ ದಪ್ಪಗಿದ್ದೇ ಸಕ್ಕರೆ ಕಾಯಿಲೇಲಿ ಸತ್ಲು, ಅತ್ತೆ.”

“ಸತ್ಲು. ಹೆಣ ನೋಡಿ ಯಾರಾದ್ರೂ ಆಡ್ಕೊಂಡ್ರಾ?”

ನರ್ಸ್ ಕೂಗಿದ್ದು ಅತ್ತೆಯ ಹೆಸರನ್ನು. ಹುಡುಗಿ ಅವಳ ಕಂಕುಳಿಗೆ ಕೈಕೊಟ್ಟು ಎತ್ತಿ ನಿಲ್ಲಿಸಿ, ತೂಕದ ಯಂತ್ರದತ್ತ ಹೆಜ್ಜೆ ಹೆಜ್ಜೆಗೂ ನಿಂತು ನಡೆಸಿಕೊಂಡು ಹೋದಳು.